ಅವನ ದನಿ, ಅವಳ ದಾಖಲೆ

"ಈ ಪುಟ ಬರೆದವರು ಯಾರು?"

ಅವನು ಮೊಬೈಲನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಪಕ್ಕದಲ್ಲಿದ್ದ ಪೆನ್ನು ಉರುಳಿ ನೆಲಕ್ಕೆ ಬಿತ್ತು.

ಅವಳು ನಿಧಾನವಾಗಿ ತಲೆ ಎತ್ತಿದಳು. ಬೇಸಿಗೆಯ ಮಧ್ಯಾಹ್ನ. ಗ್ರಂಥಾಲಯದ ಎರಡನೇ ಮಹಡಿ ಕಾದ ಹಂಚಿನಂತಾಗಿತ್ತು. ತಲೆಯ ಮೇಲೆ ಫ್ಯಾನೇನೋ ತಿರುಗುತ್ತಿತ್ತು, ಗಾಳಿ ಮಾತ್ರ ಕೆಳಗೆ ಇಳಿಯುತ್ತಿರಲಿಲ್ಲ.

ಎದುರಿಗೆ ನಿಂತವನ ಕಣ್ಣುಗಳು ಕೆಂಪಾಗಿದ್ದವು. ಗಡ್ಡ ಬೋಳಿಸಿ ಎರಡು ದಿನವಾಗಿರಬೇಕು. ಸಿಟ್ಟು ಮುಖದಲ್ಲಿತ್ತೇ ಹೊರತು ಭುಜಗಳು ಆಗಲೇ ಸೋತು ಜೋತುಬಿದ್ದಿದ್ದವು.

'ಈ ದನಿ ಎಲ್ಲೋ ಕೇಳಿದ್ದೀನಲ್ಲ...' ಅವಳಿಗೆ ಅನ್ನಿಸಿತು.

"ಆ ಪುಟ ನಂದೇ. ಏನಾಗ್ಬೇಕಿತ್ತು?"

"ನಾನು ರೇಡಿಯೋದಲ್ಲಿ ವಾರ್ತೆ ಓದ್ತೀನಿ. ನೂರು ವರ್ಷದಲ್ಲೇ ಕಾಣದ ಬಿಸಿಲು ಅಂತ ಇವತ್ತು ಬೆಳಿಗ್ಗೆ ಓದಿದೆ. ಆಗಿನಿಂದ ನಮ್ಮ ಆಫೀಸಿಗೆ ಫೋನೋ ಫೋನು. ಗ್ರಂಥಾಲಯದ ಪುಟದಲ್ಲಿ ಬೇರೆ ಇದೆಯಲ್ಲ, ನೀವು ಸುಳ್ಳು ಹೇಳ್ತೀರಾ ಅಂತ ಎಲ್ಲರೂ ನನಗೇ ಬೈತಿದಾರೆ."

"ನನ್ನ ಪುಟ ಅಷ್ಟು ಜನ ಓದ್ತಾರಾ?"

ಅವಳು ವ್ಯಂಗ್ಯವಾಗಿ ಕೇಳಿರಲಿಲ್ಲ. ನಿಜಕ್ಕೂ ಆಶ್ಚರ್ಯವಾಗಿತ್ತು. ಅದು ಅವನಿಗೂ ಗೊತ್ತಾಯಿತೇನೋ, ಬಿದ್ದ ಪೆನ್ನನ್ನು ಎತ್ತಿ ಮೇಜಿನ ಮೇಲಿಟ್ಟ.

ಅವಳು ಕಂಪ್ಯೂಟರ್ ಪರದೆಯನ್ನು ಅವನ ಕಡೆ ತಿರುಗಿಸಿದಳು. ಹವಾಮಾನ ಇಲಾಖೆಯ ಹಳೆಯ ಉಷ್ಣಾಂಶದ ಪಟ್ಟಿ. ಬೆರಳಿಟ್ಟು ಒಂದು ಸಾಲು ತೋರಿಸಿದಳು.

"ನಾನು ಸ್ಕೂಲಿಗೆ ಹೋಗ್ತಿದ್ದಾಗ ಒಂದು ಬೇಸಿಗೆ ಇದಕ್ಕಿಂತ ಜಾಸ್ತಿ ಸುಟ್ಟಿತ್ತು. ನೋಡಿ. ಇದು ನಾನು ಹೇಳಿದ್ದಲ್ಲ. ಅಳೆದವರು ಬರೆದಿಟ್ಟಿದ್ದು."

ಅವನು ಬಗ್ಗಿ ಓದಿದ. ಇನ್ನೊಮ್ಮೆ ಓದಿದ. ಸಿಟ್ಟು ಇಳಿಯುತ್ತಿದ್ದಂತೆ ಅವನನ್ನು ಎತ್ತಿ ನಿಲ್ಲಿಸಿದ್ದ ಬಲವೂ ಇಳಿದುಹೋದಂತಿತ್ತು.

"ನಾನು ಬರೆಯಲ್ಲ ಮೇಡಂ. ಕೊಟ್ಟದ್ದು ಓದ್ತೀನಿ ಅಷ್ಟೇ."

"ನಾನೂ ಬರೆಯಲ್ಲ. ಎಲ್ಲಿದೆ ಅಂತ ತೋರಿಸ್ತೀನಿ ಅಷ್ಟೇ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಜಗಳ ಮುಂದುವರಿಸಲು ಇಬ್ಬರಲ್ಲೂ ತ್ರಾಣ ಇರಲಿಲ್ಲ.

"ಸ್ವಲ್ಪ ಹೊತ್ತು ಇಲ್ಲಿ ಕೂತ್ಕೊಳ್ಳಲಾ? ಬೆಳಗಿನ ಜಾವ ಎದ್ದವನು..."

"ಕೂತ್ಕೊಳ್ಳಿ. ಇಲ್ಲಿಗೆ ಯಾರೂ ಬರಲ್ಲ."

ಅವನು ಓದುವ ಮೇಜಿನ ಮುಂದೆ ಕೂತು, ಜನಗಣತಿಯ ದಪ್ಪ ಪುಸ್ತಕವೊಂದನ್ನು ಹತ್ತಿರ ಎಳೆದುಕೊಂಡ. ಓದಲಿಕ್ಕೆ ಅಂದುಕೊಂಡಳು ಅವಳು. ಅವನು ಅದರ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋದ.

ಸಂಜೆ ಕಸ ಗುಡಿಸಲು ಬಂದ ದೊಡ್ಡಮ್ಮ ಪೊರಕೆ ಹಿಡಿದು ನಿಂತೇಬಿಟ್ಟಳು. ಗ್ರಂಥಾಲಯದಲ್ಲಿ ಎಲ್ಲರೂ ಆ ಮುದುಕಿಯನ್ನು ದೊಡ್ಡಮ್ಮ ಅಂತಲೇ ಕರೆಯುತ್ತಿದ್ದರು.

"ಇದ್ಯಾರಮ್ಮ ಇವನು? ಇಲ್ಲೇ ಸಂಸಾರ ಹೂಡೋ ಹಾಗಿದಾನೆ."

"ಮೆತ್ತಗೆ ಮಾತಾಡು ದೊಡ್ಡಮ್ಮ. ಮಲಗಲಿ ಬಿಡು. ಅಲ್ಲಿ ಕೊನೇಲಿ ಗುಡಿಸಿದರಾಯ್ತು."

ಯಾಕೆ ಹಾಗಂದಳೋ ಅವಳಿಗೇ ಗೊತ್ತಾಗಲಿಲ್ಲ.

* * *

ಅವಳದು ಸರ್ಕಾರಿ ದಾಖಲೆಗಳ ವಿಭಾಗ. ಇಲಾಖೆಗಳ ವರದಿಗಳು, ಅಂಕಿಅಂಶಗಳು, ಕಾಯ್ದೆಗಳು, ನಕ್ಷೆಗಳು. ಕಪಾಟುಗಳಲ್ಲಿ ಇದ್ದದ್ದು ಕೊಂಚ, ಕಂಪ್ಯೂಟರಿನಲ್ಲಿ ಎಲ್ಲೆಲ್ಲೋ ಹರಡಿಕೊಂಡಿದ್ದದ್ದು ಕಡಲಷ್ಟು.

ವಾರಕ್ಕೊಂದು ಪುಟ ಮಾಡಿ ಗ್ರಂಥಾಲಯದ ಜಾಲತಾಣಕ್ಕೆ ಹಾಕುವುದು ಅವಳ ಕೆಲಸ. ಊರೆಲ್ಲ ಯಾವ ಸುದ್ದಿ ಮಾತಾಡುತ್ತಿದೆಯೋ, ಯಾವ ಕಾಲ ಬಂದಿದೆಯೋ, ಅದರ ಬೆನ್ನಿಗೆ ಸರ್ಕಾರದ ಯಾವ ದಾಖಲೆ ಇದೆ, ಎಲ್ಲಿ ಸಿಗುತ್ತದೆ ಎಂದು ಹುಡುಕಿ ದಾರಿ ತೋರಿಸಬೇಕು. ಜ್ವರದ ಕಾಲಕ್ಕೆ ಆರೋಗ್ಯ ಇಲಾಖೆಯ ವಾರದ ವರದಿ. ಪರೀಕ್ಷೆಯ ಕಾಲಕ್ಕೆ ಶಾಲೆ ಬಿಟ್ಟ ಮಕ್ಕಳ ಲೆಕ್ಕ. ಈರುಳ್ಳಿ ಬೆಲೆ ಏರಿದರೆ ಮಾರುಕಟ್ಟೆಯ ದಿನದಿನದ ದರಪಟ್ಟಿ.

ವರ್ಷಗಳಿಂದ ಮಾಡುತ್ತಿದ್ದಳು. ಯಾರಾದರೂ ಓದುತ್ತಾರಾ ಎಂದು ಕೇಳಿಕೊಳ್ಳುವುದನ್ನೂ ಬಿಟ್ಟಿದ್ದಳು.

ಮನೆಯಲ್ಲಿ ಅಪ್ಪ ಒಬ್ಬರೇ. ಹಿಂದೆ ದರ್ಜಿ ಅಂಗಡಿ ಇಟ್ಟಿದ್ದವರು. ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದ ಮೇಲೆ ಹೊಲಿಗೆ ಯಂತ್ರ ಮೂಲೆ ಸೇರಿತ್ತು. ಬೆಳಿಗ್ಗೆ ಎದ್ದರೆ ಅವರಿಗೆ ಮುಖ ತೊಳೆಸಿ, ತಿನ್ನಿಸಿ, ಬಟ್ಟೆ ಬದಲಿಸಿ, ಹಗಲಿಗೆ ಪಕ್ಕದ ಮನೆಯವರಿಗೆ ಒಪ್ಪಿಸಿ, ಓಡುತ್ತ ಬಸ್ಸು ಹಿಡಿಯಬೇಕು. ಸಂಜೆ ಬಂದರೆ ಅದೇ ಕೆಲಸ ಹಿಂದುಮುಂದು. ನೋಡಲು ಬಂದ ಗಂಡುಗಳೆಲ್ಲ ಅಪ್ಪನ ಮಂಚ ನೋಡಿ ಕಾಫಿ ಕುಡಿದು ಎದ್ದು ಹೋಗಿದ್ದರು. ಆಮೇಲೆ ಅವರು ಬರುವುದೂ ನಿಂತಿತ್ತು. ಅದರಿಂದ ಅವಳಿಗೆ ಒಂಥರಾ ನಿರಾಳವೇ ಆಗಿತ್ತು.

ಮರುದಿನ ಬೆಳಿಗ್ಗೆ ಅಪ್ಪನ ತಲೆದಿಂಬಿನ ಪಕ್ಕದ ರೇಡಿಯೋದಲ್ಲಿ ವಾರ್ತೆ ಶುರುವಾಯಿತು. ಅವಳ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು.

"ನಿನ್ನೆ ಬಿಸಿಲಿನ ಬಗ್ಗೆ ನಾವು ಬಿತ್ತರಿಸಿದ ಸುದ್ದಿಯಲ್ಲಿ ತಪ್ಪಾಗಿತ್ತು. ಹವಾಮಾನ ಇಲಾಖೆಯ ದಾಖಲೆಗಳ ಪ್ರಕಾರ..."

ಅವನೇ.

"ಈ ಹುಡುಗನಿಗೆ ನಿದ್ದೆ ಸಾಲ್ದು ಗುಬ್ಬಿ," ಅಪ್ಪ ತೊದಲುತ್ತ ಹೇಳಿದರು. ಮನೆಯಲ್ಲಿ ಅವಳು ಇನ್ನೂ ಗುಬ್ಬಿಯೇ. "ಆದ್ರೂ ತಪ್ಪನ್ನ ತಪ್ಪು ಅಂತ ಓದಿದ ನೋಡು. ಗಟ್ಟಿಗ."

ಅವಳು ಚಮಚವನ್ನು ಅಪ್ಪನ ಬಾಯಿಗೆ ಹಿಡಿದಳು.

* * *

ಅವನು ಮತ್ತೆ ಬಂದ. ಅದಾದ ಮೇಲೆ ಪ್ರತಿ ವಾರವೂ ಬಂದ.

"ಈ ವಾರ ಏನು ಹುಡುಕ್ತಿದೀರಿ?" ಇದು ಅವನ ಮೊದಲ ಮಾತು.

"ನೀವು ಯಾವ ಸುದ್ದಿ ಓದ್ತಿದೀರಿ?" ಇದು ಅವಳದು.

ಒಂದು ದಿನ ಕೇಳಿದ. "ನಿಮಗೆ ಇದೆಲ್ಲ ಹೇಗೆ ಸಿಗುತ್ತೆ? ನಾನು ಹುಡುಕಿದರೆ ಮಂತ್ರಿಗಳ ಫೋಟೋ ಬಿಟ್ಟು ಇನ್ನೇನೂ ಬರಲ್ಲ."

ಅವಳಿಗೆ ನಗು ಬಂತು. ನಕ್ಕು ಬಹಳ ದಿನವಾಗಿತ್ತು.

"ಸುದ್ದಿಯಲ್ಲಿ ಬಂದ ಮಾತನ್ನ ಹುಡುಕಬೇಡಿ. ಇದನ್ನ ಅಳೆಯೋ ಕೆಲಸ ಯಾರದು, ಎಣಿಸೋ ಕೆಲಸ ಯಾರದು ಅಂತ ಮೊದಲು ಯೋಚನೆ ಮಾಡಿ. ನದಿ ನೀರನ್ನ ಒಬ್ಬರು ಅಳೀತಾರೆ, ಕುಡಿಯೋ ನೀರನ್ನ ಇನ್ನೊಬ್ಬರು, ಚರಂಡಿ ನೀರನ್ನ ಮತ್ತೊಬ್ಬರು. ಒಬ್ಬರಿಗೆ ಇನ್ನೊಬ್ಬರ ಸಂಗತಿ ಗೊತ್ತಿರಲ್ಲ. ಸರಿಯಾದ ಬಾಗಿಲು ತಟ್ಟಿದರೆ ಉಳಿದದ್ದು ಬರುತ್ತೆ."

"ತಟ್ಟಿದರೂ ತೆಗೆಯದಿದ್ದರೆ?"

"ಅವರ ವಾರ್ಷಿಕ ವರದಿಯ ಕೊನೇ ಪುಟಗಳಲ್ಲಿ ನೋಡಬೇಕು. ಹೇಳೋಕೆ ಇಷ್ಟವಿಲ್ಲದ್ದನ್ನ ಎಲ್ಲರೂ ಅಲ್ಲೇ ಹಾಕಿರ್ತಾರೆ."

ಅವನು ಗಟ್ಟಿಯಾಗಿ ನಕ್ಕ. ದೂರದ ಮೇಜಿನಲ್ಲಿ ದಿನಪತ್ರಿಕೆ ಓದುತ್ತಿದ್ದ ಮುದುಕರೊಬ್ಬರು ಕನ್ನಡಕದ ಮೇಲಿಂದ ಗುರಾಯಿಸಿದರು.

ಅವನ ಕಥೆಯನ್ನು ಅವಳು ತುಂಡು ತುಂಡಾಗಿ ಕೇಳಿದಳು. ಮದುವೆಯಾಗಿತ್ತು. ಬೆಳಗಿನ ಜಾವ ಎದ್ದು ಹೋಗಿ, ಹಗಲು ಮಲಗಿ, ಸಂಜೆ ಮತ್ತೆ ಹೋಗುವವನ ಜೊತೆ ಬಾಳಲಾಗದೆ ಹೆಂಡತಿ ಹೊರಟುಹೋಗಿದ್ದಳು. "ಅವಳದ್ದು ತಪ್ಪಿಲ್ಲ," ಅಂದ. "ಮನೆಯಲ್ಲಿ ನಾನಿದ್ದೆ ಅಷ್ಟೇ, ಎಚ್ಚರವಾಗಿರಲಿಲ್ಲ."

ಅವಳೂ ಅಪ್ಪನ ವಿಷಯ ಹೇಳಿದಳು. ಅಯ್ಯೋ ಪಾಪ ಎಂದು ಅವನು ಅನ್ನಲಿಲ್ಲ. "ಊಟ ಮಾಡಿಸೋವಾಗ ಅವರಿಗೆ ರೇಗುತ್ತಾ, ನಿಮಗೆ ರೇಗುತ್ತಾ?" ಎಂದು ಕೇಳಿದ.

"ಇಬ್ಬರಿಗೂ. ಸರದಿ ಪ್ರಕಾರ."

ಹೀಗೆ ಯಾರೂ ಕೇಳಿರಲಿಲ್ಲ ಅವಳನ್ನು.

'ಈ ವಯಸ್ಸಲ್ಲಿ, ಇಷ್ಟು ದಣಿವಲ್ಲಿ, ಇದಕ್ಕೆಲ್ಲ ಜಾಗ ಎಲ್ಲಿದೆ...' ಬಸ್ಸಿನ ಕಿಟಕಿಗೆ ತಲೆಯಾನಿಸಿ ಅಂದುಕೊಳ್ಳುತ್ತಿದ್ದಳು. ಆದರೂ ಅವನು ಬರುವ ದಿನ ಒಗೆದು ಇಸ್ತ್ರಿ ಮಾಡಿದ್ದನ್ನೇ ಉಡುತ್ತಿದ್ದಳು. ದೊಡ್ಡಮ್ಮ ಅದನ್ನು ಗಮನಿಸಿ, ಅವನು ಕೂರುವ ಕುರ್ಚಿಯನ್ನು ಒಂದು ಸಲ ಜಾಸ್ತಿ ಒರೆಸುತ್ತಿದ್ದಳು.

* * *

ಮಳೆಗಾಲ ಬಂತು. ಆ ವರ್ಷ ಸುರಿಯತೊಡಗಿದ್ದು ನಿಲ್ಲಲೇ ಇಲ್ಲ.

ಒಂದು ಬೆಳಿಗ್ಗೆ ಎಲ್ಲ ಕಡೆಯೂ ಒಂದೇ ಸುದ್ದಿ. ಮೇಲಿನ ಜಲಾಶಯ ತುಂಬಿದೆ, ಗೇಟು ತೆಗೆಯುತ್ತಾರೆ, ನದಿ ಉಕ್ಕುತ್ತದೆ. ನದಿಯಂಚಿನ ಹಳ್ಳಿಗಳವರು ಎಚ್ಚರದಿಂದಿರಬೇಕು, ನಗರಕ್ಕೆ ಏನೂ ತೊಂದರೆಯಿಲ್ಲ ಎಂದು ಜಿಲ್ಲಾ ಕಚೇರಿ ಹೇಳಿಕೆ ಕೊಟ್ಟಿತ್ತು.

ಅವಳು ಹುಡುಕಲು ಕೂತಳು. ನದಿಯ ಮಟ್ಟ ಸಿಕ್ಕಿತು. ಜಲಾಶಯದ ಹೊರಹರಿವು ಸಿಕ್ಕಿತು. ಆದರೆ ಏನೋ ಬಿಟ್ಟುಹೋದಂತೆ ಅನ್ನಿಸುತ್ತಿತ್ತು. ನಗರದ ನೀರು ಹೋಗುವುದೂ ಅದೇ ನದಿಗಲ್ಲವೇ? ನದಿಯೇ ತುಂಬಿದರೆ ಅದು ಎಲ್ಲಿಗೆ ಹೋಗಬೇಕು?

ಮಧ್ಯಾಹ್ನದ ಊಟ ಡಬ್ಬಿಯಲ್ಲೇ ಆರಿತು. ಕೊನೆಗೆ ನಗರಸಭೆಯ ಹಳೆಯ ಚರಂಡಿ ಯೋಜನೆಯ ವರದಿ ಸಿಕ್ಕಿತು. ಅದರ ಕಟ್ಟಕಡೆಯ ಅನುಬಂಧದಲ್ಲಿ ಒಂದು ನಕ್ಷೆ. ನದಿ ಒಂದು ಮಟ್ಟ ದಾಟಿದರೆ ದೊಡ್ಡ ಚರಂಡಿಯಲ್ಲಿ ನೀರು ಹಿಮ್ಮುಖವಾಗಿ ಹರಿಯುತ್ತದೆ, ಹಳೆಯ ಗಾಜಿನ ಕಾರ್ಖಾನೆಯ ಹಿಂದಿನ ಬೀದಿ ಮೊದಲು ಮುಳುಗುತ್ತದೆ ಎಂದು ಸ್ಪಷ್ಟವಾಗಿ ಬರೆದಿತ್ತು.

ದೊಡ್ಡಮ್ಮನ ಮನೆ ಇದ್ದದ್ದು ಅದೇ ಬೀದಿಯಲ್ಲಿ.

ಅವಳು ನಕ್ಷೆಯನ್ನು ಅವನಿಗೆ ಕಳಿಸಿ ಫೋನ್ ಮಾಡಿದಳು. ಅವನು ಪೂರ್ತಿ ಕೇಳಿಸಿಕೊಂಡ.

"ಸಂಜೆ ವಾರ್ತೆಯಲ್ಲಿ ಸೇರಿಸ್ತೀನಿ. ನೀವು ಚಿಂತೆ ಮಾಡಬೇಡಿ."

ಜಿಲ್ಲಾ ಕಚೇರಿಗೂ ಮಾಡಿದಳು. ಗಂಟೆ ಹೊಡೆದು ಹೊಡೆದು ನಿಂತಿತು.

ಕೆಳಗಿಳಿದು ದೊಡ್ಡಮ್ಮನನ್ನು ಹುಡುಕಿದಳು. "ದೊಡ್ಡಮ್ಮ, ಇವತ್ತು ನಿಮ್ಮ ಬೀದಿಗೆ ನೀರು ಬರಬಹುದು. ನಮ್ಮ ಮನೆಗೆ ಬಂದುಬಿಡು."

"ಇಷ್ಟು ವರ್ಷದಲ್ಲಿ ಬರದ ನೀರು ಇವತ್ತು ಬರುತ್ತಾ? ನೀನು ಪುಸ್ತಕ ನೋಡಿ ಹೇಳ್ತಿ ಮಗಳೇ. ರೇಡಿಯೋದಲ್ಲಿ ಹೇಳಿದರೆ ಗಂಟು ಕಟ್ತೀನಿ."

"ಹೇಳ್ತಾರೆ. ಸಂಜೆ ವಾರ್ತೆ ತಪ್ಪದೆ ಕೇಳು. ಅವರು ಖಂಡಿತ ಹೇಳ್ತಾರೆ."

ಆ ಸಂಜೆ ಅಪ್ಪನ ಮಂಚದ ಪಕ್ಕ ಕೂತು ಅವಳೂ ಕೇಳಿದಳು. ಹೊರಗೆ ಮಳೆ ಹೊಡೆಯುತ್ತಿತ್ತು. ಅವನ ದನಿ ಎಂದಿನಂತೆ ಸಮಾಧಾನವಾಗಿತ್ತು.

"ನಗರದ ಯಾವ ಭಾಗಕ್ಕೂ ಪ್ರವಾಹದ ಅಪಾಯವಿಲ್ಲ. ನಾಗರಿಕರು ಆತಂಕಕ್ಕೆ ಒಳಗಾಗಬಾರದು ಎಂದು ಜಿಲ್ಲಾ ಕಚೇರಿ ತಿಳಿಸಿದೆ..."

ಅವಳು ಕಾದಳು. ಮುಂದಿನ ಸಾಲಿನಲ್ಲಿ ಬರಬಹುದು. ಕೊನೆಯಲ್ಲಿ ಬರಬಹುದು.

ವಾರ್ತೆ ಮುಗಿಯಿತು. ಅದು ಬರಲೇ ಇಲ್ಲ.

"ಗುಬ್ಬಿ? ಯಾಕೆ ಮುಖ ಹಾಗಾಯ್ತು?"

ಅವಳು ಅವನಿಗೆ ಫೋನ್ ಮಾಡಿದಳು. ಸಿಗಲಿಲ್ಲ. ಮತ್ತೆ ಮಾಡಿದಳು. ಬಸ್ಸುಗಳು ಆಗಲೇ ನಿಂತಿದ್ದವು, ದೊಡ್ಡಮ್ಮನ ಹತ್ತಿರ ಫೋನೇ ಇರಲಿಲ್ಲ. ಅಪ್ಪನನ್ನು ಒಬ್ಬರೇ ಬಿಟ್ಟು ಆ ಮಳೆಗೆ ಎಲ್ಲಿಗೆ ಹೋಗುವುದು... ಬಾಗಿಲವರೆಗೆ ಹೋದಳು. ನಿಂತಳು. ವಾಪಸು ಬಂದಳು.

* * *

ಮರುದಿನ ದೊಡ್ಡಮ್ಮ ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿದ್ದಳು. ನೀರು ಮನೆಯೊಳಗೆ ನುಗ್ಗಿದಾಗ ಜಾರಿಬಿದ್ದು ತೊಡೆಯ ಮೂಳೆ ಮುರಿದಿತ್ತು. ನೋವಿನ ಇಂಜೆಕ್ಷನ್ನಿಗೆ ಅರೆಪ್ರಜ್ಞೆಯಲ್ಲಿ ಏನೋ ಗೊಣಗುತ್ತಿದ್ದಳು. ಮುದುಕಿಯ ಒಣಗಿದ ಕೈ ಹಿಡಿದು ಕೂತವಳಿಗೆ ಕಣ್ಣೀರೂ ಬರಲಿಲ್ಲ.

'ನಾನೇ ಹೇಳಿದ್ದು. ರೇಡಿಯೋ ಕೇಳು ಅಂತ ನಾನೇ ಹೇಳಿದ್ದು...'

ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಅವನಿಗೆ ಸಂದೇಶ ಬರೆದಳು.

"ದೊಡ್ಡಮ್ಮನ ಕಾಲು ಮುರಿದಿದೆ. ನಿಮ್ಮ ಮಾತು ನಂಬಿ ಮನೆಯಲ್ಲೇ ಕೂತಿದ್ದಳು. ನಿಮಗೆ ಗೊತ್ತಿದ್ದೂ ಹಾಗೆ ಓದಿದಿರಿ. ಇನ್ನು ಮೇಲೆ ಗ್ರಂಥಾಲಯಕ್ಕೆ ಬರಬೇಡಿ."

ಮಾರನೆಯ ದಿನ ಉತ್ತರ ಬಂತು. ಒಂದೇ ಒಂದು ಪದ.

"ಸರಿ."

ಏನಾದರೂ ನೆಪ ಹೇಳಬಹುದಿತ್ತು. ಜಗಳವಾಡಬಹುದಿತ್ತು. ಆ 'ಸರಿ' ನೋಡಿ ಅವಳಿಗೆ ಬಂದದ್ದು ಸಿಟ್ಟೋ ಅಳುವೋ ತಿಳಿಯಲಿಲ್ಲ. ಫೋನನ್ನು ಚೀಲದ ತಳಕ್ಕೆ ತುರುಕಿ ಅಕ್ಕಿ ತೊಳೆಯಲು ಹೋದಳು.

ಬೆಳಗಿನ ವಾರ್ತೆಗೆ ಬೇರೆ ದನಿ ಬಂತು. ಸಂಜೆಯ ವಾರ್ತೆಗೂ.

"ಆ ಹುಡುಗ ಎಲ್ಲಿ ಹೋದ?" ಅಪ್ಪ ಕೇಳಿದರು.

"ನನಗೇನು ಗೊತ್ತಪ್ಪ."

ಅಪ್ಪ ಅವಳ ಮುಖವನ್ನೇ ನೋಡಿದರು. ಎಡಗೈಯಿಂದ ತಡಕಾಡಿ ರೇಡಿಯೋ ಆರಿಸಿದರು.

ಆ ವಾರ ಅವಳು ಪ್ರವಾಹದ ಪುಟ ಹಾಕಿದಳು. ನಕ್ಷೆ, ಚರಂಡಿ ವರದಿ, ನೊಂದವರಿಗೆ ಪರಿಹಾರ ಕೊಡುವ ಇಲಾಖೆಯ ಆದೇಶ, ಅರ್ಜಿ ಹಾಕುವ ದಾರಿ, ಎಲ್ಲವನ್ನೂ ಸೇರಿಸಿದಳು. ಮುಖ್ಯ ಗ್ರಂಥಪಾಲಕರು ಮೇಲೆ ಹತ್ತಿ ಬಂದರು.

"ಜಿಲ್ಲಾ ಕಚೇರಿಯವರಿಗೆ ಮುಜುಗರ ಆಗಿದೆಯಂತೆ. ಆ ನಕ್ಷೆ ತೆಗೆದುಬಿಡಮ್ಮ."

ಬೇರೆ ದಿನವಾಗಿದ್ದರೆ ಹೆದರುತ್ತಿದ್ದಳು. ಹೆದರಲೂ ಶಕ್ತಿ ಬೇಕಲ್ಲ.

"ಅದು ನಾನು ಬರೆದಿದ್ದಲ್ಲ ಸಾರ್, ಅವರೇ ಅಚ್ಚು ಹಾಕಿಸಿದ್ದು. ಆ ಬೀದಿಯ ಜನ ಅದನ್ನ ನೋಡಿಕೊಂಡೇ ಅರ್ಜಿ ಹಾಕ್ತಿದಾರೆ. ತೆಗೀಬೇಕು ಅಂದರೆ ಒಂದು ಆದೇಶ ಕೊಡಿ, ತೆಗೀತೀನಿ."

ಅವರು ಕತ್ತಿನ ಬೆವರು ಒರೆಸಿಕೊಂಡರು. ಆದೇಶ ಬರೆದುಕೊಡುವ ಮನಸ್ಸು ಅವರಿಗೂ ಇರಲಿಲ್ಲ. "ನೋಡೋಣ ಬಿಡು," ಎಂದು ಇಳಿದುಹೋದರು. ಪುಟ ಹಾಗೇ ಉಳಿಯಿತು.

ಅಷ್ಟರಲ್ಲಿ ಅಪ್ಪನಿಗೆ ಜ್ವರ ಹತ್ತಿತು. ರಜೆ ಹಾಕಿ ಅವರ ಪಕ್ಕದಲ್ಲೇ ಕೂತಳು. ಆಸ್ಪತ್ರೆಯ ಕಡೆ ಹೋಗಲಾಗಲೇ ಇಲ್ಲ. ದೊಡ್ಡಮ್ಮನಿಗೆ ಆಪರೇಷನ್ ಆಯಿತು, ಪರವಾಗಿಲ್ಲ ಎಂದು ಗ್ರಂಥಾಲಯದವರು ಫೋನಿನಲ್ಲಿ ಹೇಳಿದರು.

* * *

ಅಪ್ಪನ ಜ್ವರ ಬಿಟ್ಟ ಮೇಲೆ, ಪಕ್ಕದ ಮನೆಯವರನ್ನು ಅವರ ಹತ್ತಿರ ಕೂರಿಸಿ, ಒಂದು ಮಧ್ಯಾಹ್ನ ಅವಳು ಆಸ್ಪತ್ರೆಗೆ ಹೋದಳು.

ದೊಡ್ಡಮ್ಮ ದಿಂಬಿಗೊರಗಿ ಕೂತಿದ್ದಳು. ಕಾಲಿಗೆ ಬಿಳಿ ಪಟ್ಟಿ. ಬಾಯಿ ಮಾತ್ರ ಮೊದಲಿನಂತೆಯೇ.

"ಬಂದೆಯಾ? ಸತ್ತಳೋ ಇದ್ದಾಳೋ ಅಂತ ನೋಡೋಕೆ ಬಂದೆಯಾ?"

"ತಪ್ಪಾಯ್ತು ದೊಡ್ಡಮ್ಮ. ನನ್ನ ಮಾತು ಕೇಳಿ ನೀನು..."

"ನಿನ್ನ ಮಾತು ಎಲ್ಲಿ ಕೇಳಿದೆ? ಕೇಳಿದ್ರೆ ಕಾಲು ನೆಟ್ಟಗಿರ್ತಿತ್ತು." ಮುದುಕಿ ಅವಳ ಕೈಹಿಡಿದು ಮಂಚದ ಮೇಲೆ ಕೂರಿಸಿದಳು. "ಅವನ ಮಾತನ್ನೂ ಕೇಳ್ಲಿಲ್ಲ ನಾನು. ಪಾಪ, ಎಷ್ಟು ಬಡ್ಕೊಂಡ..."

"ಯಾರು?"

"ಇನ್ಯಾರು? ನಿನ್ನ ನಿದ್ದೆ ಸಾಹೇಬ."

ಅವಳಿಗೆ ಅರ್ಥವಾಗಲಿಲ್ಲ.

"ಅವತ್ತು ಸಂಜೆ ವಾರ್ತೆ ಹಾಕ್ಕೊಂಡು ಕೂತಿದ್ದೆ. ಯಾರೋ ಬಾಗಿಲು ಬಡಿದರು. ತೆಗೆದರೆ ಇವನು. ಮೈಯೆಲ್ಲ ಒದ್ದೆ. ದೊಡ್ಡಮ್ಮ, ನೀರು ಬರ್ತಿದೆ, ಹೊರಡು ಅಂತಾನೆ. ಒಳಗೆ ರೇಡಿಯೋದಲ್ಲಿ ಅವನದೇ ದನಿ, ಏನೂ ಅಪಾಯ ಇಲ್ಲ ಅಂತಿದೆ. ನಾನು ಯಾರನ್ನ ನಂಬಲಿ? ಒಳಗಿನ ನೀನು ಇರು ಅಂತೀಯ, ಹೊರಗಿನ ನೀನು ಹೊರಡು ಅಂತೀಯ, ಮೊದಲು ನೀವಿಬ್ಬರೂ ಮಾತಾಡ್ಕೊಂಡು ಬನ್ನಿ ಅಂತ ಬಾಗಿಲು ಹಾಕಿಬಿಟ್ಟೆ."

ಅವಳು ಮುದುಕಿಯ ಹತ್ತಿರಕ್ಕೆ ಸರಿದು ಕೂತಳು.

"ಇಡೀ ಬೀದಿ ಬಾಗಿಲು ಬಡಿದ ಕಣಮ್ಮ. ಕೆಲವರು ಬೈದರು, ಒಬ್ಬ ತಳ್ಳಿದ. ಮಕ್ಕಳಿದ್ದ ಮನೆಯವರು ಹೆದರಿ ಹೊರಟರು, ಅವರೆಲ್ಲ ಬಚಾವಾದರು. ಆಮೇಲೆ ಚರಂಡಿಯಿಂದ ನೀರು ಎದ್ದು ಬಂತು ನೋಡು... ನಾನು ಜಾರಿ ಬಿದ್ದೆ, ಏಳೋಕಾಗ್ಲಿಲ್ಲ. ಅವನೇ ವಾಪಸು ಬಂದು ಬೆನ್ನ ಮೇಲೆ ಹೊತ್ತುಕೊಂಡ. ಸೊಂಟದವರೆಗೆ ನೀರು. ಅಷ್ಟು ಹೊತ್ತಿಗೆ ಕೂಗಿ ಕೂಗಿ ಅವನ ಗಂಟಲಿಂದ ಗಾಳಿ ಬಿಟ್ಟು ಇನ್ನೇನೂ ಬರ್ತಿರಲಿಲ್ಲ."

"ರೇಡಿಯೋದಲ್ಲಿ ಅವರ ದನಿ..."

"ಅದು ಮಳೆಗೆ ಕರೆಂಟು ಹೋದೀತು ಅಂತ ಅವತ್ತು ಮಧ್ಯಾಹ್ನವೇ ಓದಿಸಿ ತುಂಬಿಸಿಟ್ಟ ದನಿಯಂತೆ. ನೀನು ಆಮೇಲೆ ಹೇಳಿದ್ಯಂತೆ. ಬದಲಿಸಿ ಅಂತ ಕೇಳಿದ್ನಂತೆ, ಆಫೀಸಿನವರು ಬಿಡ್ಲಿಲ್ಲವಂತೆ. ಎದ್ದು ಬಂದುಬಿಟ್ಟ. ಹೇಳದೆ ಕೇಳದೆ ಹೋದ ಅಂತ ಈಗ ಕೆಲಸದಿಂದ ನಿಲ್ಲಿಸಿದಾರೆ." ದೊಡ್ಡಮ್ಮ ಅವಳ ಮುಖವನ್ನು ದಿಟ್ಟಿಸಿದಳು. "ನಿನಗೆ ಹೇಳ್ಲಿಲ್ವಾ?"

"ಇಲ್ಲ," ಅಂದಳು. "ನಾನು ಕೇಳ್ಲೂ ಇಲ್ಲ."

"ದಿನಾ ಈ ಹೊತ್ತಿಗೆ ಬರ್ತಾನೆ. ಮಾತಿಲ್ಲ, ಕತೆಯಿಲ್ಲ. ಸುಮ್ನೆ ಕೂತು ಹೋಗ್ತಾನೆ. ಈಗ ತಾನೆ ನನ್ನ ಮಾತ್ರೆ ತರೋಕೆ ಕೆಳಗೆ ಹೋದ."

ಅವಳು ಆಗಲೇ ಎದ್ದಿದ್ದಳು.

* * *

ಕೆಳಗೆ ಔಷಧಿ ಅಂಗಡಿಯ ಮುಂದೆ ಉದ್ದನೆಯ ಸಾಲು. ಅವನು ನಡುವೆ ನಿಂತಿದ್ದ. ಇನ್ನಷ್ಟು ತೆಳ್ಳಗಾಗಿದ್ದ. ಕುತ್ತಿಗೆಗೆ ಉಣ್ಣೆಯ ಬಟ್ಟೆ ಸುತ್ತಿಕೊಂಡಿದ್ದ.

ಅವಳನ್ನು ಕಂಡು ಬೆಚ್ಚಿದ. ಸಾಲು ಬಿಟ್ಟು ಹೊರಡಲು ಒಂದು ಹೆಜ್ಜೆ ಇಟ್ಟ.

"ನಿಲ್ಲಿ. ಸಾಲು ತಪ್ಪಿದರೆ ದೊಡ್ಡಮ್ಮ ನನ್ನನ್ನ ಬಿಡಲ್ಲ."

ಅವನು ನಿಂತ. ಅವಳು ಅವನ ಪಕ್ಕ ಹೋಗಿ ನಿಂತಳು. ಹಿಂದಿದ್ದ ಹೆಂಗಸು ಮಧ್ಯೆ ನುಗ್ಗುತ್ತಿದ್ದಾಳೆಂದು ಗೊಣಗಿದಳು.

"ಯಾಕೆ ಹೇಳ್ಲಿಲ್ಲ?" ಅವಳು ಕೇಳಿದಳು.

ಅವನು ಗಂಟಲನ್ನು ತೋರಿಸಿ ಸೋತ ನಗೆ ನಕ್ಕ.

"ಬರೆದು ಹೇಳಬಹುದಿತ್ತು. ಸರಿ ಅಂತ ಬರೆಯೋಕೆ ಬಂತಲ್ಲ."

ಅವನು ಬಗ್ಗಿದ. ಬಂದದ್ದು ಪಿಸುಮಾತು, ಅದೂ ಒಡೆದು ಒಡೆದು. "ದನಿ ನಂದೇ ತಾನೇ... ಅದನ್ನ ನಂಬಿ ಒಳಗೆ ಕೂತವರು ನನ್ನನ್ನ ನಂಬಿ ಕೂತಿದ್ದರು. ಇದರಲ್ಲಿ ಹೇಳಿಕೊಳ್ಳೋದೇನಿದೆ?"

ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಇಬ್ಬರೂ ಸರಿದರು.

"ಯಾವ ಸುದ್ದಿ ಬಂದರೂ ಅದರ ಹಿಂದೆ ಏನಿದೆ ಅಂತ ಕೆದಕೋಳು ನಾನು," ಅವಳು ನೆಲ ನೋಡುತ್ತ ಹೇಳಿದಳು. "ನಿಮ್ಮ ವಿಷಯಕ್ಕೆ ಮಾತ್ರ ಕಿವಿಗೆ ಬಿದ್ದದ್ದನ್ನೇ ನಂಬಿಬಿಟ್ಟೆ. ಒಂದು ಸಲ ಕೇಳಬಹುದಿತ್ತು. ಕೇಳೋಕೆ ಭಯವಾಯ್ತು... ನಿಜವಾಗ್ಲೂ ನೀವು ಹಾಗೇ ಅಂತ ಗೊತ್ತಾದರೆ ಏನು ಮಾಡೋದು ಅಂತ. ನನ್ನನ್ನ ಕ್ಷಮಿಸಿ."

ಅವನು ತಲೆಯಾಡಿಸಿದ. ಬೇಡ, ಅದೆಲ್ಲ ಬೇಡ ಎಂಬಂತೆ.

"ಗಂಟಲು ಸರಿಹೋಗುತ್ತಾ?"

"ಹೋಗಬಹುದು. ಮೊದಲಿನ ಹಾಗೆ ಆಗುತ್ತೋ ಇಲ್ಲವೋ ಗೊತ್ತಿಲ್ಲ ಅಂದರು."

"ಕೆಲಸ?"

"ವಿಚಾರಣೆ ಇದೆ. ನೋಡಬೇಕು."

ಮುಂದಿದ್ದವರು ಚಿಲ್ಲರೆಗೆ ಜಗಳ ತೆಗೆದರು. ಸಾಲು ನಿಂತಿತು. ಅವಳು ಗೋಡೆಗೆ ಒರಗಿದಳು.

"ನನಗೆ ಸುಸ್ತಾಗಿದೆ," ಅಂದಳು. ಯಾರ ಹತ್ತಿರವೂ ಆ ಮಾತನ್ನು ಇಷ್ಟು ಸುಲಭವಾಗಿ ಹೇಳಿರಲಿಲ್ಲ. "ಬೆಳಿಗ್ಗೆ ಅಪ್ಪ, ಹಗಲು ಕೆಲಸ, ಸಂಜೆ ಮತ್ತೆ ಅಪ್ಪ. ಇದರ ಮಧ್ಯೆ ಇನ್ನೊಬ್ಬರಿಗೆ ಜಾಗ ಎಲ್ಲಿದೆ ಅಂತ ನನಗೆ ನಾನೇ ಹೇಳ್ಕೊಳ್ತಿದ್ದೆ. ಬೇಡ ಅಂತ ನಿಮ್ಮನ್ನ ದೂರ ಇಟ್ಟೆನಲ್ಲ... ಆ ದಿನಗಳಲ್ಲಿ ಸುಸ್ತು ಒಂದು ಚೂರೂ ಕಮ್ಮಿ ಆಗ್ಲಿಲ್ಲ. ಹೇಳ್ಕೊಳ್ಳೋಕೆ ಮಾತ್ರ ಯಾರೂ ಇರ್ಲಿಲ್ಲ."

ಅವನು ಅವಳನ್ನೇ ನೋಡುತ್ತಿದ್ದ. ಏನೋ ಹೇಳಲು ಬಾಯಿ ತೆರೆದ. ದನಿ ಹೊರಡಲಿಲ್ಲ. ಕಣ್ಣು ಮುಚ್ಚಿ, ಉಗುಳು ನುಂಗಿ, ಮತ್ತೆ ಪ್ರಯತ್ನಿಸಿದ.

ಅಷ್ಟರಲ್ಲಿ ಅವರ ಸರದಿ ಬಂದಿತ್ತು.

"ನೀವಂದ್ರೆ ನನಗೆ ಪ್ರಾಣ," ಅವನು ಪಿಸುಗುಟ್ಟಿದ.

"ಏನಂದ್ರಿ? ಜೋರಾಗಿ ಹೇಳಿ," ಕಿಂಡಿಯಾಚೆ ಔಷಧಿ ಅಂಗಡಿಯವನು ಕಿವಿಗೆ ಕೈಯಿಟ್ಟ. "ಯಾವ ಮಾತ್ರೆ?"

ಹಿಂದಿದ್ದ ಹೆಂಗಸು ಗೊಣಗುವುದನ್ನು ನಿಲ್ಲಿಸಿದಳು.

ಅವಳ ಕೆನ್ನೆ ಬಿಸಿಯಾಯಿತು. ಅವನ ಕೈಯಿಂದ ಡಾಕ್ಟರ ಚೀಟಿ ತೆಗೆದುಕೊಂಡು ಕಿಂಡಿಯೊಳಗೆ ಚಾಚಿದಳು.

"ಮಾತ್ರೆ ಇದರಲ್ಲಿದೆ. ಅವರು ಅಂದದ್ದು ನನಗೆ."

ಅಂಗಡಿಯವನು ಇಬ್ಬರನ್ನೂ ಒಂದು ಸಲ ನೋಡಿ, ಗಂಭೀರವಾಗಿ ಮಾತ್ರೆ ಹುಡುಕಲು ತಿರುಗಿದ.

ಮಾತ್ರೆಯ ಪೊಟ್ಟಣ ಹಿಡಿದು ಇಬ್ಬರೂ ಮೆಟ್ಟಿಲ ಹತ್ತಿರ ಬಂದರು. ಎರಡು ವಾರ್ಡುಗಳ ನಡುವಿನ ಆ ತಿರುವಿನಲ್ಲಿ ಯಾರೂ ಇರಲಿಲ್ಲ. ಅವಳು ನಿಂತಳು.

"ಇನ್ನೊಂದು ಸಲ ಹೇಳಿ."

"ಮಾತಾಡಬಾರದು ಅಂದಿದಾರೆ ಡಾಕ್ಟರು." ಅವನ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು.

"ಹಾಗಾದ್ರೆ ನಾನು ಹೇಳ್ತೀನಿ. ನೀವು ತಲೆ ಆಡಿಸಿ ಸಾಕು."

ಅವಳು ಅವನ ತಣ್ಣನೆಯ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಳು.

"ನಮ್ಮ ಮನೆ ಚಿಕ್ಕದು. ಅಪ್ಪನ ಮಂಚಕ್ಕೇ ಅರ್ಧ ಮನೆ ಬೇಕು. ನಾನು ಬೆಳಿಗ್ಗೆ ರೇಗ್ತೀನಿ, ಸಂಜೆ ಮಾತೇ ಆಡಲ್ಲ. ಇಷ್ಟಿದ್ದೂ ಬರ್ತೀರಾ?"

ಅವನು ತಲೆಯಾಡಿಸಿದ.

"ನನಗೂ ನೀವಂದ್ರೆ ಪ್ರಾಣ. ಗೊತ್ತಾಯ್ತಾ?"

ಅವನು ತಲೆಯಾಡಿಸಿದ. ಮತ್ತೆ ಆಡಿಸಿದ. ನಿಲ್ಲಿಸಲು ಮರೆತವನಂತೆ ಆಡಿಸುತ್ತಲೇ ಇದ್ದ.

"ಸಾಕು ಬಿಡಿ," ಅಂದಳು ಅವಳು, ಅವನ ಭುಜಕ್ಕೆ ಹಣೆಯಿಟ್ಟು. "ಗಂಟಲು ಹೋದ ಹಾಗೆ ಕತ್ತೂ ಹೋದೀತು."